ಕಿರೀಟ ಆಮೇಲೆ, ಮೊದಲು ಕಂಬಳಿಕೊಪ್ಪೆ

ನಾನು ಶಿರಸಿಯಲ್ಲಿ ಕೂತು, ಎಲ್ಲೂ ಇಲ್ಲದ ದೇಶಗಳ ಜನರಿಗೆ ಬಟ್ಟೆ ವಿನ್ಯಾಸ ಮಾಡುತ್ತೇನೆ. ವಿಡಿಯೋ ಗೇಮ್‌ಗಳಿಗೆ. ಒಂದು ಕಲ್ಪನೆಯ ಲೋಕ, ಅದರಲ್ಲಿ ಕೆಲವು ನಾಡುಗಳು. ಯಾವ ನಾಡಿನವರು ಏನು ಉಡುತ್ತಾರೆ, ಹೇಗೆ ಉಡುತ್ತಾರೆ ಅಂತ ಬಿಡಿಸಿ ಕೊಡುವುದು ನನ್ನ ಪಾಲಿನ ಕೆಲಸ. ಇದನ್ನೇ ಕಲಿಯಬೇಕು ಅಂತಿರುವ ಹುಡುಗ ಹುಡುಗಿಯರು ಸ್ಕೆಚ್ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಹೆಚ್ಚಿನವರ ಮೊದಲ ಪುಟದಲ್ಲಿ ರಾಜನೋ ರಾಣಿಯೋ ಇರುತ್ತಾರೆ. ತುಂಬಾ ಚಂದದ ಚಿತ್ರಗಳು. ಆದರೂ ಎಲ್ಲರಿಗೂ ನಾನು ಹೇಳುವುದು ಒಂದೇ: ಮಳೆಯಲ್ಲಿ ಕೆಲಸ ಮಾಡುವವರ ಬಟ್ಟೆಯಿಂದ ಶುರು ಮಾಡಿ.

ರಾಜ ಬೇಕಾದ್ದನ್ನು ದೂರದಿಂದ ತರಿಸಿ ಉಡಬಲ್ಲ. ಕೆಲಸದವರು ಹತ್ತಿರ ಸಿಕ್ಕಿದ್ದನ್ನೇ ಉಡಬೇಕು. ಹಾಗಾಗಿ ಆ ನಾಡಿನ ಹವೆ, ಬೆಳೆ, ಸಂತೆ ಎಲ್ಲವೂ ಅವರ ಮೈಮೇಲೆ ಕಾಣುತ್ತದೆ.

ನಮ್ಮ ಜಿಲ್ಲೆ ಇದನ್ನು ಕಲಿಯೋಕೆ ಒಳ್ಳೆಯ ಜಾಗ. ಕುಮಟೆಯ ಅಳಿವೆಯಿಂದ ಹೊರಟು ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬನ್ನಿ, ಮುಂದೆ ಮುಂಡಗೋಡದ ಕಡೆ ಹೋಗಿ. ಉಪ್ಪುನೀರು, ದಟ್ಟ ಮಳೆಕಾಡು, ಒಣ ಬಯಲು, ಮೂರೂ ಒಂದೇ ದಿನದಲ್ಲಿ ಸಿಗುತ್ತವೆ. ಈಗ ಮಾಡುತ್ತಿರುವ ಗೇಮ್‌ನ ಮೂರು ನಾಡುಗಳನ್ನು ನಾನು ಯೋಚಿಸಿದ್ದು ಈ ದಾರಿಯಲ್ಲೇ.

ಘಟ್ಟದವರನ್ನೇ ತಗೊಳ್ಳಿ. ಪ್ಲಾಸ್ಟಿಕ್ ಬರುವ ಮೊದಲು ಇಲ್ಲಿ ತೋಟಕ್ಕೆ, ಗದ್ದೆಗೆ ಹೋಗುವವರು ಕಂಬಳಿಕೊಪ್ಪೆ, ಅಂದರೆ ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಕಂಬಳಿ ಹಾಕುತ್ತಿದ್ದರು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದಾಗ ಒದ್ದೆ ಅನ್ನಿಸುವುದಿಲ್ಲ. ನೆನೆದ ಮೇಲೂ ಮೈ ಬೆಚ್ಚಗಿರುತ್ತದೆ. ಹತ್ತಿ ಹಾಗಲ್ಲ, ನೆನೆದರೆ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಸರಿ, ಕಂಬಳಿ ಬೇಕು. ಆದರೆ ಈ ಪಾಟಿ ಮಳೆಯಲ್ಲಿ ಕುರಿ ಎಲ್ಲಿ ಸಾಕುತ್ತಾರೆ? ಕುರಿ ಇರುವುದು ಬಯಲುಸೀಮೆಯಲ್ಲಿ, ಕಂಬಳಿ ನೇಯುವ ಕುರುಬರು ಇರುವುದೂ ಅಲ್ಲೇ. ಅಂದರೆ ಘಟ್ಟದವನ ಹೆಗಲ ಮೇಲಿನ ಕಂಬಳಿ ಕೊಂಡು ತಂದದ್ದು.

ಕಥೆಗೆ ದಾರಿ ಸಿಕ್ಕಿದ್ದು ಇಲ್ಲೇ. ನಮ್ಮ ಗೇಮ್‌ನಲ್ಲಿ ಘಟ್ಟದ ನಾಡಿಗೂ ಬಯಲ ನಾಡಿಗೂ ಜಗಳ ಬಂದು ಸಂತೆ ನಿಲ್ಲುತ್ತದೆ. ಹೊಸ ಕಂಬಳಿ ಬರುವುದಿಲ್ಲ. ಮೊದಲ ಮಳೆಗಾಲಕ್ಕೆ ತೇಪೆ ಹಾಕಿದ ಹಳೇ ಕಂಬಳಿ. ಅದರ ಮುಂದಿನದಕ್ಕೆ ಎಲೆಯಲ್ಲಿ ಹೆಣೆದ ಗೊರಬು ಜಾಸ್ತಿಯಾಗುತ್ತದೆ, ಕಂಬಳಿ ಮುದುಕರಿಗೆ ಮಾತ್ರ ಉಳಿಯುತ್ತದೆ. ಆಟಗಾರನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಬೀದಿಯಲ್ಲಿ ನಡೆದರೆ ಗೊತ್ತಾಗುತ್ತದೆ. ಕಥೆ ಬರೆಯುವವರಿಗೆ ಇದನ್ನು ತೋರಿಸಿದಾಗ ಅವರು ಸಂತೆಯ ಒಂದು ಇಡೀ ದೃಶ್ಯ ಸೇರಿಸಿದರು. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಖುಷಿ ಅದು.

ಬಣ್ಣವೂ ಹೀಗೇ ಹುಟ್ಟುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕೈಗೆ, ಬಟ್ಟೆಗೆ ತಾಗಿದರೆ ಸುಲಭಕ್ಕೆ ಹೋಗುವುದಿಲ್ಲ, ಅಲ್ವಾ? ಅದು ಒಳ್ಳೆಯ ನೈಸರ್ಗಿಕ ಬಣ್ಣವೂ ಹೌದು. ಹಾಗಾಗಿ ನಮ್ಮ ಘಟ್ಟದ ನಾಡಿನಲ್ಲಿ ಕೆಂಪುಗಂದು ಎಲ್ಲರ ಬಣ್ಣ, ಪುಕ್ಕಟೆ ಬಣ್ಣ. ನೀಲಿ ಮಾತ್ರ ದೊಡ್ಡವರದ್ದು. ನೀಲಿಗಿಡದ ಎಲೆ ಕೊಳೆಸಿ, ತೊಟ್ಟಿಯಲ್ಲಿ ಹುದುಗು ಕಾಯಬೇಕು. ಅದ್ದಿ ತೆಗೆದ ಬಟ್ಟೆ ಮೊದಲು ಹಸಿರು ಹಳದಿಯಾಗಿ, ಗಾಳಿ ತಾಗಿದ ಮೇಲೆ ನೀಲಿಯಾಗುತ್ತದೆ. ಅಷ್ಟು ಕಸುಬು ತಿಳಿದವರು ಎಲ್ಲ ಊರಲ್ಲೂ ಇರುವುದಿಲ್ಲ.

ಕರಾವಳಿಯವರಿಗೆ ಬಟ್ಟೆ ಕಡಿಮೆ ಇಟ್ಟೆ. ಉಪ್ಪುನೀರಲ್ಲಿ ನೆನೆದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ, ಚರ್ಮ ಉಜ್ಜುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ನೋಡಿ. ಬಟ್ಟೆ ಮೊಣಕಾಲಿಗಿಂತ ಮೇಲೆ, ತೋಳು ಪೂರ್ತಿ ಬರಿದು. ನಮ್ಮ ಗೇಮ್‌ನ ಬಯಲಿನವರು ಕುದುರೆ ಹತ್ತುವವರು, ಅವರಿಗೆ ಹೊಲಿದ ಪ್ಯಾಂಟು. ಚೀನಾದ ತುರ್ಫಾನ್ ಹತ್ತಿರದ ಸಮಾಧಿಗಳಲ್ಲಿ ಸಿಕ್ಕ ಸುಮಾರು 3000 ವರ್ಷ ಹಳೆಯ ಪ್ಯಾಂಟುಗಳು ಕೂಡ ಕುದುರೆ ಸವಾರರದ್ದೇ.

ಇಲ್ಲಿ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. 2021ರಲ್ಲಿ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಂಡಿದ್ದನ್ನು ಎಲ್ಲರೂ ನೋಡಿದ್ದೇವೆ. ಬರಿಗಾಲು, ರವಿಕೆ ಇಲ್ಲದೆ ಉಟ್ಟ ಸೀರೆ, ಕೊರಳ ತುಂಬಾ ಮಣಿಸರ. ಅದು ಹಾಲಕ್ಕಿ ಒಕ್ಕಲಿಗರ ಉಡುಗೆ, ಇಂದಿಗೂ ಬದುಕಿರುವ ಜನರ ಗುರುತು. ಅದನ್ನು ಹಾಗೇ ಎತ್ತಿ, ಹಸಿರು ಬಣ್ಣ ಬಳಿದು, ಗೇಮ್‌ನ ‘ಕಾಡುಜನ’ರಿಗೆ ತೊಡಿಸಬೇಡಿ. ಸೀರೆ ಹಾಗೆ ಕಟ್ಟಿದರೆ ಹೊರೆ ಹೊರುವಾಗ ತೋಳು ಎಷ್ಟು ಸಲೀಸು ಅಂತ ಗಮನಿಸಿ. ಆ ಕಾರಣ ಇಟ್ಟುಕೊಂಡು ನಿಮ್ಮದೇ ಕಟ್ಟು, ನಿಮ್ಮದೇ ಮಣಿ ಯೋಚಿಸಿ. ಜಾಸ್ತಿ ಕೆಲಸ ಹಿಡಿಯುತ್ತದೆ, ಹಿಡಿಯಲಿ.

ಇಷ್ಟಾದ ಮೇಲೆ ರಾಜ ಬರಲಿ. ಅವನಿಗೆ ನನ್ನ ಗುರು ಯಕ್ಷಗಾನ. ದೀವಟಿಗೆ ಬೆಳಕಲ್ಲಿ, ಬಯಲಲ್ಲಿ ಕೂತವರಿಗೂ ಪಾತ್ರ ತಿಳಿಯಬೇಕಿತ್ತು. ಅದಕ್ಕೇ ಕಿರೀಟ, ಭುಜಕೀರ್ತಿ ಹೊರಗೆರೆಯಲ್ಲೇ ಗುರುತು ಹೇಳುತ್ತವೆ. ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನಲ್ಲಿ ಕೇದಗೆ ಮುಂದಲೆ ಅನ್ನುವ ತಲೆಯುಡುಗೆ ಕಂಡರೆ ಅಭಿಮನ್ಯುವಿನಂಥ ಎಳೆಯ ವೀರ ಅಂತ ಗೊತ್ತಾಗುತ್ತದೆ. ಗೇಮ್‌ನಲ್ಲೂ ಕ್ಯಾಮೆರಾ ದೂರ, ಪಾತ್ರ ಬೆರಳಿನಷ್ಟು. ಯಕ್ಷಗಾನದ ಒಡವೆಯೆಲ್ಲ ಹಗುರ ಮರದ್ದು, ಮೇಲೆ ಬೇಗಡೆ ಅನ್ನುವ ಹೊಳೆಯುವ ತೆಳು ಹಾಳೆ. ರಾತ್ರಿಯಿಡೀ ಕುಣಿಯುವವರ ಮೈಮೇಲೆ ಇರಬೇಕಲ್ಲ. ಗುಣವಂತೆಯ ಕೆರೆಮನೆ ಮೇಳ 1934ರಿಂದ ಇದೆ. ಈ ಕೆಲಸಕ್ಕೆ ಬರುವವರು ಒಮ್ಮೆಯಾದರೂ ಬಡಗಿನ ಆಟ ನೋಡಿ, ಸಾಧ್ಯವಾದರೆ ಬಣ್ಣದ ಮನೆಯಾದ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡಿ.

ಸ್ಕೆಚ್ ಕಳಿಸುವಾಗ ಬಟ್ಟೆ ಒಣಗಿದ್ದಾಗ ಹೇಗೆ, ನೆನೆದಾಗ ಹೇಗೆ, ಹರಿದು ಹೊಲಿದ ಮೇಲೆ ಹೇಗೆ ಅಂತ ಮೂರನ್ನೂ ಬಿಡಿಸಿ. ಉಡುವ ಕ್ರಮವನ್ನೂ ಬಿಡಿಸಿ, ಆನಿಮೇಷನ್ ಮಾಡುವವರು ಮೊದಲು ಕೇಳುವುದೇ ತೋಳು ಎಷ್ಟು ಮೇಲೇಳುತ್ತದೆ ಅಂತ. ಪೂರ್ತಿ ಹರಿದದ್ದು ಎಲ್ಲಿಗೆ ಹೋಗುತ್ತದೆ ಅಂತಲೂ ಯೋಚಿಸಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ, ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಅದನ್ನು ನೋಡಿದ ಮೇಲೆ ನಮ್ಮ ಗೇಮ್‌ನ ಮನೆಗಳಿಗೂ ಹಳೇ ಬಟ್ಟೆಯ ಹೊದಿಕೆ ಇಟ್ಟೆವು, ಹೊಲಿಗೆಯ ರೀತಿ ಮಾತ್ರ ನಮ್ಮದೇ. ಆ ಮನೆಯವರು ಉಟ್ಟ ಬಟ್ಟೆಗಳ ಬಣ್ಣವೇ ಅದರಲ್ಲಿ ಬಂತು, ಆ ಬಟ್ಟೆಗಳಿಗೆ ಮೊದಲೇ ಮಾಡಿಟ್ಟ ಟೆಕ್ಸ್ಚರ್‌ಗಳನ್ನೇ (ಮೇಲ್ಮೈಯ ಬಣ್ಣ, ನೇಯ್ಗೆ ತೋರಿಸುವ ಚಿತ್ರಗಳು) ಬಳಸಿದ್ದರಿಂದ ತ್ರೀಡಿ ತಂಡಕ್ಕೆ ಕೆಲಸವೂ ಹಗುರವಾಯಿತು.