ಅಚ್ಚು ತೆಗೆಯಲು ಹೋಗಿ ಕೋವಿಯನ್ನೇ ಕಟ್ಟಿಹಾಕಿದ್ದೆ

ಕೊಡಗಿನಲ್ಲಿ ಕೋವಿ ರಿಪೇರಿ ಮಾಡುವವರಿಗೆ ಆಗಸ್ಟ್‌ನಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್, ಆಯುಧಕ್ಕೆ ಪೂಜೆ. ವರ್ಷವಿಡೀ ಮೂಲೆಯಲ್ಲಿದ್ದ ಕೋವಿಗಳೆಲ್ಲ ಆಗಲೇ ಅಂಗಡಿಗೆ ಬರುತ್ತವೆ.

ನಾನು ಕೆಲಸ ಕಲಿಯುತ್ತಿದ್ದಾಗ ಹಾಗೆ ಬಂದದ್ದು ಒಂದು ಹಳೆ ಎನ್‌ಫೀಲ್ಡ್, ಬ್ರಿಟಿಷರ ಕಾಲದ ಸೇನೆಯ ರೈಫಲ್. ನಳಿಗೆಯೊಳಗೆ ಇಣುಕಿದರೆ ರೈಫಲಿಗೆ ಇರಬೇಕಾದ ಸುರುಳಿ ಗೀರುಗಳೇ ಇಲ್ಲ, ನುಣ್ಣಗಿದೆ. ಬಂಗಾಳದ ಇಛಾಪುರದ ಕೋವಿ ಕಾರ್ಖಾನೆಯಲ್ಲಿ .303 ರೈಫಲನ್ನು ಪೊಲೀಸರಿಗಾಗಿ .410 ಮಸ್ಕೆಟ್ (ಗೀರಿಲ್ಲದ ನಳಿಗೆಯ ಕೋವಿ; ಅಂಕಿಗಳು ನಳಿಗೆಯ ರಂಧ್ರದ ಅಳತೆ, ಇಂಚಿನಲ್ಲಿ) ಮಾಡುತ್ತಿದ್ದರಲ್ಲ, ಅದು. ಇದರಲ್ಲಿ ಒಂದು ಗೊಂದಲ ಇದೆ. ಮೂಲದಲ್ಲಿ ಇದಕ್ಕೆ .303 ತೋಟಾದ ಹಿತ್ತಾಳೆ ಕೇಸಿನ ಕುತ್ತಿಗೆ ಕಿರಿದು ಮಾಡದೆ ತಯಾರಿಸಿದ ತೋಟಾ ಬೇಕು, ಆದರೆ ಆಮೇಲೆ ಕೆಲವದರ ಚೇಂಬರ್ (ತೋಟಾ ಕೂರುವ ಗೂಡು) ಕೊರೆದು ಮಾಮೂಲಿ .410 ತೋಟಾಕ್ಕೆ ಹೊಂದಿಸಿದ್ದಾರೆ. ಯಾವ ತೋಟಾ ಎಂದು ತಿಳಿಸುವ ಮುದ್ರೆ ಅಳಿಸಿಹೋಗಿತ್ತು. "ತೋಟಾ ಹಾಕಿಯೇ ನೋಡಿಬಿಡಿ" ಎಂದರು ಕೋವಿಯವರು. ನಮ್ಮ ಮೇಸ್ತ್ರಿ ಕೇಳಿಸದವರ ಹಾಗೆ ನನ್ನ ಕಡೆ ತಿರುಗಿ, "ಅಚ್ಚು ತೆಗಿ" ಎಂದರು. ಅಂದರೆ ಚೇಂಬರಿಗೆ ಕರಗಿಸಿದ್ದನ್ನು ಹೊಯ್ದು, ಗಟ್ಟಿಯಾದ ಮೇಲೆ ಹೊರತೆಗೆದು ಅಳೆಯುವುದು.

ಮೇಸ್ತ್ರಿ ಅಚ್ಚಿಗೆ ಗಂಧಕ ಕರಗಿಸುತ್ತಿದ್ದ ಕಾಲದವರು. ಗಂಧಕ ಅಗ್ಗ, ಆದರೆ ವಾಸನೆ, ಬೆಂಕಿ ಹತ್ತುವ ಭಯ, ತಣ್ಣಗಾದ ಮೇಲೆ ಪಟ್ಟನೆ ಮುರಿಯುತ್ತದೆ. ನಾನು ಸೆರೋಸೇಫ್ ತರಿಸಿದ್ದೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಸೇರಿದ ಲೋಹ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ನೇರ ಉರಿ ಬೇಡ, ಕುದಿಯುವ ನೀರಿನಲ್ಲಿ ಪಾತ್ರೆ ಇಟ್ಟರೆ ಸಾಕು. ಆ ಪಾತ್ರೆ ಮಾತ್ರ ಮತ್ತೆ ಅಡುಗೆಮನೆ ಸೇರಬಾರದು.

ಚೇಂಬರ್ ಒರೆಸಿ, ಎಣ್ಣೆ ಸುಮ್ನೆ ಸವರಿದ ಹಾಗೆ ಮಾಡಿ, ಅದರಾಚೆ ಒಂದಿಂಚು ಬಿಟ್ಟು ನಳಿಗೆಗೆ ಬಟ್ಟೆ ತುರುಕಿ, ಕೋವಿಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ ಹೊಯ್ದೆ. ಅಲ್ಲಿವರೆಗೆ ಸರಿ. ತೋಟಾದ ಅಂಚು ಕೂರುವ ಜಾಗಕ್ಕೆ ನಿಲ್ಲಿಸುವ ಬದಲು ಇನ್ನೂ ಸ್ವಲ್ಪ ಇರಲಿ ಅಂತ ಹೊಯ್ದೆ ನೋಡಿ, ಅದು ಉಕ್ಕಿ ಬೋಲ್ಟ್ ಓಡಾಡುವ ಸಂದುಗಳಿಗೆಲ್ಲ ಇಳಿದು ಗಟ್ಟಿಯಾಯಿತು. ಸಲಾಕೆಯಲ್ಲಿ ಎಷ್ಟು ತಳ್ಳಿದರೂ ಕದಲಲಿಲ್ಲ. ನಾನು ಸುತ್ತಿಗೆಗೆ ಕೈ ಹಾಕಿದೆ. ಮೇಸ್ತ್ರಿ ಅದನ್ನು ಕಿತ್ತುಕೊಂಡು, "ಕರಗಿಸಿ ಹೊಯ್ದದ್ದನ್ನ ಕರಗಿಸಿಯೇ ತೆಗಿಬೇಕು ಮಾರಾಯ" ಎಂದು ಕುದಿಯುವ ನೀರು ತಂದು ಸುರಿದರು.

ಎರಡನೇ ಸಲ ಸರಿಯಾಗಿ ಬಂತು. ಈ ಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಅಷ್ಟರಲ್ಲಿ ಹೊರಗೆ ತಳ್ಳಬೇಕು. ಆಮೇಲೆ ಹಿಗ್ಗುತ್ತಾ, ಸುಮಾರು ಒಂದು ಗಂಟೆಗೆ ಚೇಂಬರಿನ ನಿಜ ಅಳತೆಗೆ ಬರುತ್ತದೆ, ನಂತರ ಅದನ್ನೂ ಸ್ವಲ್ಪ ಮೀರುತ್ತದೆ. ಹಾಗಾಗಿ ಮೈಕ್ರೋಮೀಟರ್ ಜೊತೆ ಗಡಿಯಾರವೂ ಬೇಕು.

ಚೇಂಬರ್ ಅಲ್ಲ, ಗೀರು ಇರುವ ನಳಿಗೆಯನ್ನು ಅಳೆಯುವುದಾದರೆ ಗಾಳಕ್ಕೆ ಕಟ್ಟುವ ಮೆತ್ತನೆ ಸೀಸದ ಗುಂಡು ಸಾಕು, ಎಣ್ಣೆ ಹಚ್ಚಿದ ನಳಿಗೆಯಲ್ಲಿ ಹಿತ್ತಾಳೆ ಸಲಾಕೆಯಿಂದ ದಾಟಿಸಿ ಅಳೆಯುವುದು. ಮರದ ಕೋಲು ಬೇಡವೇ ಬೇಡ, ಓರೆಯಾಗಿ ಸೀಳಿ ಒಳಗೇ ಬೆಣೆಯಾಗಿ ಕೂರುತ್ತದೆ. ಎನ್‌ಫೀಲ್ಡಿಗೆ ಸಾಮಾನ್ಯವಾಗಿ ಐದು ಗೀರು, ಒಂದರ ಎದುರಿಗೆ ಇನ್ನೊಂದು ಬರುವುದಿಲ್ಲ, ಅದಕ್ಕೆ ವಿ ಆಕಾರದ ಮೈಕ್ರೋಮೀಟರೇ ಬೇಕು.

ನಮ್ಮ ಮಸ್ಕೆಟ್‌ನ ಅಚ್ಚು ಬುಡದಲ್ಲಿ ಸುಮಾರು 11.7 ಮಿಲಿಮೀಟರ್ ಇತ್ತು, ಮುಂದಕ್ಕೆ ಹೋದಂತೆ ಸಣ್ಣಗಾಗುತ್ತಿತ್ತು. ಅದು .303 ಕೇಸಿನ ಬುಡದ ಅಳತೆ, ಅಂದರೆ ಯಾರೂ ಕೊರೆದಿಲ್ಲ, ಮೂಲ ಚೇಂಬರ್. ಅವರು ತಂದಿದ್ದ .410 ತೋಟಾದ ಡಬ್ಬಿಯನ್ನು ಹಾಗೇ ವಾಪಸ್ ಕೊಟ್ಟು, ಕೋವಿಯನ್ನು ಒರೆಸಿ ಪೂಜೆಗೆ ಕಳಿಸಿದೆವು.