ಬೋರ್ಡ್ ಹಾಗೇ ಇರಲಿ, ಪ್ರೊಸೆಸರ್ ಮಾತ್ರ ಬದಲಿಸೋಣ

ನಮ್ಮ ಮನೆ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು ಎಎಂಡಿ ಕಂಪನಿಯ ಪ್ರೊಸೆಸರ್, ರೈಜನ್ 3 1200. 2017ರ ಚಿಪ್. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ನಾಲ್ಕೇ ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಕೆಟ್ಟಿರಲಿಲ್ಲ, ಆದರೆ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ಏನಾದರೂ ಮಾಡಲೇಬೇಕಿತ್ತು.

ಅಪ್‌ಗ್ರೇಡ್ ಅಂದ ಕೂಡಲೇ ಹೊಸ ಚಿಪ್‌ಗಳ ಹಿಂದೆ ಬೀಳಬೇಡಿ. ಮೊದಲು ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡ್ ಮೇಲಿನ ಹೆಸರು ಓದಿ. ನನ್ನದು ಬಿ450 ಬೋರ್ಡ್, ಪ್ರೊಸೆಸರ್ ಕೂರುವ ಸಾಕೆಟ್ ಎಎಂ4. ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಸಿಪಿಯು ಸಪೋರ್ಟ್ ಲಿಸ್ಟ್ ಇರುತ್ತದೆ. ಯಾವ ಚಿಪ್ಪಿಗೆ ಯಾವ ಬಯೋಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಬೇಕು ಅಂತಲೂ ಅಲ್ಲೇ ಬರೆದಿರುತ್ತದೆ. ಮುಂದಿನ ಸಾಕೆಟ್ ಎಎಂ5ಗೆ ಹೋದರೆ ಬೋರ್ಡೂ ಹೊಸದು, ಡಿಡಿಆರ್5 ರ್‍ಯಾಮೂ ಹೊಸದು. ಚೆನ್ನಾಗಿರೋ ಡಿಡಿಆರ್4 ರ್‍ಯಾಮ್ ಎತ್ತಿಡೋಕೆ ಮನಸ್ಸು ಬರಲ್ಲ, ಅಲ್ವಾ?

ಹಾಗಾಗಿ ರೈಜನ್ 5 5600 ತಗೊಂಡೆ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಇದಕ್ಕಿಂತ ಅಗ್ಗದ 5500 ಕೂಡ ಇದೆ, ಆದರೆ ಅದರ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 16 ಎಂಬಿ, ಇದರದ್ದು 32. ಗೇಮ್ ಆಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಒಂದು ವಿಷಯ ಮರೆಯಬೇಡಿ: 5600ರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ಜಿ ನೋಡಿ.

ಎಲ್ಲವನ್ನೂ ಹೊಸದಾಗಿ ಕಟ್ಟುವವರಿಗೆ ಇಂಟೆಲ್‌ನ ಐ5-12400 ಕೂಡ ಒಳ್ಳೆಯ ಆಯ್ಕೆ. ಡಿಡಿಆರ್4 ಬೋರ್ಡಿನಲ್ಲೂ ನಡೆಯುತ್ತದೆ. 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವಾಗ ಮಾತ್ರ ಹುಷಾರು. ಅವುಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಸವೆಯುವ ಸಮಸ್ಯೆ ಇತ್ತು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳ) ಅಪ್‌ಡೇಟ್ ಬಿಡುಗಡೆ ಮಾಡಿ, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದಿರುವ ಚಿಪ್ಪನ್ನು ಅಪ್‌ಡೇಟ್ ಸರಿಮಾಡಲ್ಲ.

ಹಳೆ ಚಿಪ್ ಇದ್ದಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿ. ಆಮೇಲೆ ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು, ಆಫ್ ಮಾಡಿ, ಬೆಚ್ಚಗಿರುವಾಗಲೇ ಕೂಲರ್ ತೆಗೆಯಿರಿ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ, 1331 ಪಿನ್. ಚಿಪ್ಪಿಗೂ ಕೂಲರಿಗೂ ನಡುವಿನ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನ ಹಾಗೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ, ಲಾಕ್ ಹಾಕಿದ್ದರೂ ಚಿಪ್ ಕಿತ್ತುಕೊಂಡು ಬರಬಹುದು. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ, ತಾನಾಗೇ ಸಡಿಲವಾಗುತ್ತದೆ. ಬೋರ್ಡಿನ ಹಿಂದಿನ ಪ್ಲೇಟ್ ಕೆಳಗೆ ಬೀಳದಂತೆ ಒಂದು ಕೈ ಅಲ್ಲಿರಲಿ. ಹೊಸ ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಬೇಕು. ಒತ್ತಬೇಡಿ, ಸುಮ್ನೆ ಇಟ್ಟರೆ ಕೂರುತ್ತದೆ.

ಮೊದಲ ಸಲ ಆನ್ ಮಾಡಿದಾಗ ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗೆ ಭದ್ರತಾ ಕೀ ಇಡುವ ಜಾಗ) ರೀಸೆಟ್ ಮಾಡಲೇ ಅಂತ ಕೇಳಿತು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿರುವವರು ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಡಿಸ್ಕ್ ತೆರೆಯಲ್ಲ. ನಾನು ಬರೆದಿಟ್ಟಿದ್ದೆ, ಧೈರ್ಯವಾಗಿ ವೈ ಒತ್ತಿದೆ. ಬಯೋಸ್ ಅಪ್‌ಡೇಟ್ ಆದಾಗ ರ್‍ಯಾಮ್‌ನ ಎಕ್ಸ್‌ಎಂಪಿ (ಅದರ ಪೂರ್ತಿ ವೇಗ ಕೊಡುವ ಸೆಟ್ಟಿಂಗ್) ಆಫ್ ಆಗಿರುತ್ತದೆ, ಅದನ್ನು ಮತ್ತೆ ಆನ್ ಮಾಡಿ. ಹಳೆ ಚಿಪ್ಪಿಗೆ ಕಂಪನಿ ಹೇಳಿದ್ದ ರ್‍ಯಾಮ್ ವೇಗ 2666, ಇದಕ್ಕೆ 3200. ಅದೇ ರ್‍ಯಾಮ್ ಈಗ ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆ.