ಕೆಮ್ಮಣ್ಣಿನ ಮೈದಾನದಲ್ಲಿ ಚೆಂಡಿನ ಲೆಕ್ಕ

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಕಿಟಕಿಯಿಂದ ಮೊದಲು ಕಾಣುತ್ತಿದ್ದದ್ದು ಗೋಲ್‌ಪೋಸ್ಟ್, ಅದರಾಚೆ ದೂರದಲ್ಲಿ ಚಾಮುಂಡಿ ಬೆಟ್ಟ. ಒಳಗೆ ಲೋಲಕದ ಆವರ್ತಕಾಲ ಅಳೆದವರೇ ಸಂಜೆ ಹೊರಗೆ ಚೆಂಡು ಒದೆಯುತ್ತಿದ್ದರು. ಒಳಗಿನ ಪಾಠಕ್ಕೂ ಹೊರಗಿನ ಆಟಕ್ಕೂ ನಡುವೆ ಒಂದೇ ಗೋಡೆ. ಆ ಮೈದಾನವನ್ನು ನೆನೆಯುವುದೆಂದರೆ ಅಲ್ಲಿ ಚೆಂಡು ಹೇಗೆ ನಡೆದುಕೊಳ್ಳುತ್ತಿತ್ತು, ಯಾಕೆ ಎಂದು ಬರೆಯುವುದೇ ಸರಿ ಅನ್ನಿಸಿತು. ಈಗ ಅಲ್ಲಿ ಆಡುತ್ತಿರುವವರ ಕೈಗೆ ಇದು ಸಿಗಲಿ.

ಮೊದಲು ಗಾಳಿ. ಐದನೇ ಸೈಜಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ, ಒಳಗಿನ ಒತ್ತಡ ಸಮುದ್ರ ಮಟ್ಟದಲ್ಲಿ 0.6ರಿಂದ 1.1 ವಾಯುಭಾರ ಇರಬೇಕು ಎನ್ನುತ್ತದೆ ನಿಯಮ. ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂದು ತೋರಿಸುವ ಗೇಜಿನಲ್ಲಿ ಇದು ಸುಮಾರು 8.5ರಿಂದ 15.6 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಹೆಬ್ಬೆರಳಲ್ಲಿ ಒತ್ತಿ ನೋಡಿ ‘ಸರಿಯಾಗಿದೆ’ ಎನ್ನುವ ಅಭ್ಯಾಸ ಮೈದಾನಗಳಲ್ಲಿ ಇನ್ನೂ ಇದೆ. ಇಷ್ಟು ಅಗಲದ ವ್ಯಾಪ್ತಿಯಲ್ಲಿ ಚೆಂಡು ಎಲ್ಲಿದೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಗೇಜ್ ಬೇಕೇ ಬೇಕು.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸುಮಾರು 0.92 ಬಾರ್ (ಸಮುದ್ರ ಮಟ್ಟದ ವಾಯುಭಾರ ಹೆಚ್ಚುಕಡಿಮೆ 1 ಬಾರ್). ಮಂಗಳೂರಿನಲ್ಲಿ 0.8 ಬಾರ್‌ಗೆ ತುಂಬಿಸಿದ ಚೆಂಡನ್ನು ಹಾಗೇ ಘಟ್ಟ ಹತ್ತಿಸಿ ತಂದರೆ, ಹೊರಗಿನ ಒತ್ತಡ ತಗ್ಗಿದ ಕಾರಣ ಅದೇ ಚೆಂಡು ಇಲ್ಲಿ 0.9ರ ಹತ್ತಿರ ತೋರಿಸುತ್ತದೆ. ಬಿಸಿಲಿನ ಪರಿಣಾಮ ಇದಕ್ಕಿಂತ ದೊಡ್ಡದು. ಬೆಳಿಗ್ಗೆ 20 ಡಿಗ್ರಿಯಲ್ಲಿ 0.8 ಬಾರ್ ತುಂಬಿಸಿ, ಮಾರ್ಚ್ ತಿಂಗಳ ಮಧ್ಯಾಹ್ನ ಗೆರೆಯ ಪಕ್ಕ ಬಿಟ್ಟ ಚೆಂಡು 45 ಡಿಗ್ರಿಗೆ ಕಾದರೆ 0.95 ಬಾರ್ ಆಗುತ್ತದೆ. ಲೆಕ್ಕ ಹಾಕುವಾಗ ಗೇಜಿನ ಅಂಕಿಗೆ ವಾಯುಭಾರ ಕೂಡಿಸಿ, ಕೆಲ್ವಿನ್ ಉಷ್ಣತೆಯ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ್ದು) ಅನುಪಾತದಿಂದ ಗುಣಿಸಿ, ಮತ್ತೆ ವಾಯುಭಾರ ಕಳೆಯಬೇಕು. ಪರೀಕ್ಷೆಯಲ್ಲಿ ಅನಿಲ ನಿಯಮದ ಲೆಕ್ಕ ತಪ್ಪುವುದೂ ಇಲ್ಲೇ, ವಾಯುಭಾರ ಕೂಡಿಸುವುದನ್ನು ಮರೆತು. ಆದ್ದರಿಂದ ಒತ್ತಡ ನೋಡುವುದು ಆಟಕ್ಕೆ ಮುಂಚೆ, ಆಟ ನಡೆಯುವ ನೆಲದಲ್ಲೇ ಆಗಬೇಕು. ಪಂಪಿನ ಪಿನ್ನನ್ನು ಒಣಗಿದ್ದಂತೆಯೇ ವಾಲ್ವಿಗೆ ಚುಚ್ಚಬೇಡಿ, ರಬ್ಬರ್ ಹರಿಯುತ್ತದೆ. ಒಂದು ಹನಿ ಗ್ಲಿಸರಿನ್ ಸಾಕು.

ಪುಟಿತ ನೋಡಲು ಒಂದು ಗೋಡೆ, ಒಂದು ಅಳತೆ ಪಟ್ಟಿ, ಒಂದು ಫೋನ್ ಇದ್ದರೆ ಆಯಿತು. ಚೆಂಡಿನ ಅಡಿ 2 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಸುಮ್ಮನೆ ಬಿಡಿ, ವಿಡಿಯೊದಲ್ಲಿ ಅಡಿ ಎಷ್ಟೆತ್ತರಕ್ಕೆ ಬಂತು ನೋಡಿ. ಪುಟಿದ ಎತ್ತರವನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಪುನಃಸ್ಥಾಪನಾಂಕ, ಅಂದರೆ ನೆಲಕ್ಕೆ ಬಡಿದ ವೇಗದಲ್ಲಿ ಪುಟಿದಾಗ ಉಳಿದ ಪಾಲು. 72 ಸೆಂ.ಮೀ. ಬಂದರೆ 0.6. ಒಳ್ಳೆಯ ಕೃತಕ ಹುಲ್ಲಿನ ಮೈದಾನದಲ್ಲಿ 60ರಿಂದ 85 ಸೆಂ.ಮೀ. ಬರಬೇಕೆಂಬ ಅಳತೆ ಇದೆ. ಬೇಸಿಗೆಯಲ್ಲಿ ಗಟ್ಟಿಕಟ್ಟಿದ ನಮ್ಮ ಕೆಮ್ಮಣ್ಣು ಅದನ್ನು ಮೀರುತ್ತದೆ. ದಸರೆಯ ಹೊತ್ತಿನ ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಚೆಂಡು ‘ದಪ್’ ಎಂದು ಕೂತುಬಿಡುತ್ತದೆ. ಪೆನಾಲ್ಟಿ ಚೌಕ, ಮಧ್ಯದ ವೃತ್ತ, ಮೂಲೆ ಮೂರರಲ್ಲೂ ಅಳೆದಿಟ್ಟುಕೊಂಡರೆ ಡಿಫೆಂಡರ್‌ಗೆ ಎಲ್ಲಿ ಕಾಯಬೇಕು, ಎಲ್ಲಿ ಮುನ್ನುಗ್ಗಬೇಕು ಎಂಬುದು ಗೊತ್ತಾಗುತ್ತದೆ.

ಇನ್ನು ಒದೆತ. ಕಾಲು ಚೆಂಡಿಗೆ ತಾಗಿರುವುದು ಸೆಕೆಂಡಿನ ನೂರನೇ ಒಂದು ಭಾಗ. ಅಷ್ಟರಲ್ಲಿ 430 ಗ್ರಾಂ ಚೆಂಡಿಗೆ ಸೆಕೆಂಡಿಗೆ 25 ಮೀಟರ್ ವೇಗ ಬರಬೇಕಾದರೆ ಸರಾಸರಿ ಬಲ 1,075 ನ್ಯೂಟನ್, ಅಂದರೆ 110 ಕಿಲೋ ತೂಕದಷ್ಟು. ಪಾದದ ಗೆಣ್ಣು ಸಡಿಲವಿದ್ದರೆ ಆ ಹೊತ್ತಿಗೆ ಪಾದವೇ ಹಿಂದಕ್ಕೆ ಬಾಗಿ, ಚೆಂಡಿಗೆ ಹೋಗಬೇಕಾದ ಬಲ ಸೋರುತ್ತದೆ.

ಎಲ್ಲಕ್ಕಿಂತ ಚೆಂದದ ಭಾಗ ಚೆಂಡು ಬಾಗುವುದು. ಬಲಗಾಲಿನ ಒಳಪಾದದಿಂದ ಚೆಂಡಿನ ಬಲಪಕ್ಕಕ್ಕೆ ಒದ್ದರೆ, ಮೇಲಿನಿಂದ ನೋಡುವವರಿಗೆ ಅದು ಅಪ್ರದಕ್ಷಿಣವಾಗಿ ತಿರುಗುತ್ತದೆ. ಬಲಪಕ್ಕದ ಮೈ ಎದುರು ಗಾಳಿಗೆ ವಿರುದ್ಧವಾಗಿ ಚಲಿಸುವುದರಿಂದ ಗಾಳಿಯ ಪದರ ಅಲ್ಲಿ ಬೇಗ ಕಳಚಿಕೊಳ್ಳುತ್ತದೆ. ಎಡಪಕ್ಕದಲ್ಲಿ ಇನ್ನಷ್ಟು ದೂರ ಮೈಗಂಟಿ ಹೋಗುತ್ತದೆ. ಹೀಗೆ ಹಿಂದೆ ಬೀಳುವ ಗಾಳಿಯ ಜಾಡು ಬಲಕ್ಕೆ ತಿರುಗುತ್ತದೆ, ಚೆಂಡು ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. 1852ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ನ ಹೆಸರೇ ಇದಕ್ಕೆ ನಿಂತಿದೆ.

20 ಮೀಟರ್ ದೂರದ ಫ್ರೀ ಕಿಕ್ ತೆಗೆದುಕೊಳ್ಳಿ. ವೇಗ ಸೆಕೆಂಡಿಗೆ 25 ಮೀಟರ್, ಸ್ಪಿನ್ ಸೆಕೆಂಡಿಗೆ 8 ಸುತ್ತು. ಪಕ್ಕದ ಬಲ ಸುಮಾರು 2.5 ನ್ಯೂಟನ್ ಬರುತ್ತದೆ, ಚೆಂಡಿನ ತೂಕದ ಅರ್ಧಕ್ಕಿಂತ ಹೆಚ್ಚು. ಗೋಲು ತಲುಪುವಷ್ಟರಲ್ಲಿ ಚೆಂಡು ಸುಮಾರು 2 ಮೀಟರ್ ಬಾಗಿರುತ್ತದೆ. ಇಷ್ಟು ಸ್ಪಿನ್ ಹುಟ್ಟಲು ಒದೆತದ ಬಲದ ರೇಖೆ ಚೆಂಡಿನ ಕೇಂದ್ರದಿಂದ ಬರೀ 1.6 ಸೆಂ.ಮೀ. ಸರಿದರೆ ಸಾಕು. ಇನ್ನೂ ಸರಿಸಿದರೆ ಸ್ಪಿನ್ ಏರುತ್ತದೆ, ಆದರೆ ವೇಗ ಬೀಳುತ್ತದೆ. ಹೊಸಬರ ಚೆಂಡು ಚೆನ್ನಾಗಿ ತಿರುಗಿಯೂ ಎದುರಾಳಿ ಆಟಗಾರರು ಸಾಲಾಗಿ ನಿಂತ ‘ಗೋಡೆ’ ದಾಟದೆ ಹೋಗುವುದು ಇದರಿಂದಲೇ. ಮೈಸೂರಿನ ಗಾಳಿ ಕರಾವಳಿಯದಕ್ಕಿಂತ ಶೇ. 8ರಷ್ಟು ತೆಳು. ಅಲ್ಲಿ 2 ಮೀಟರ್ ಬಾಗುವ ಕಿಕ್ ಇಲ್ಲಿ ಸುಮಾರು 15 ಸೆಂ.ಮೀ. ಕಡಿಮೆ ಬಾಗುತ್ತದೆ. ಚೆಂಡಿನ ಅಗಲವೇ 22 ಸೆಂ.ಮೀ. ಇರುವಾಗ, ಕಂಬದ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಲು ಅಷ್ಟು ಸಾಕು.

1997ರ ಜೂನ್ 3ರಂದು ಲಿಯಾನ್‌ನಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್‌ನಿಂದ ಒದ್ದ ಫ್ರೀ ಕಿಕ್ಕನ್ನು ಇದೇ ಕಣ್ಣಿನಿಂದ ಮತ್ತೆ ನೋಡಿ. ಗಾಳಿಯ ತಡೆಗೆ ವೇಗ ಬೇಗ ಕುಗ್ಗುತ್ತದೆ, ಸ್ಪಿನ್ ಅಷ್ಟು ಬೇಗ ಕುಗ್ಗುವುದಿಲ್ಲ. ಹಾಗಾಗಿ ಕೊನೆಕೊನೆಗೆ ತಿರುವು ಬಿಗಿಯಾಗುತ್ತ ಹೋಗುತ್ತದೆ. ಗೋಲ್‌ಕೀಪರ್ ಬಾರ್ತೆಜ್ ನಿಂತಲ್ಲೇ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲರ್ಧದ ಹಾದಿ ನೋಡಿ ಅಂದಾಜಿಸಿದವರಿಗೆ ಅದು ಹೊರಗೆ ಹೋಗುವ ಚೆಂಡೇ.

ನಮ್ಮ ಮೈದಾನದಲ್ಲಿ ಹೆಚ್ಚು ಆಟ ನಡೆಯುತ್ತಿದ್ದದ್ದು ನೆಲದ ಮೇಲೆ, ಹಾಗಾಗಿ ನೆಲದ ಪಾಸ್ ಬಗ್ಗೆಯೂ ಹೇಳಬೇಕು. ಚೆಂಡಿನ ನಡುಮಟ್ಟಕ್ಕೆ ಸರಿಯಾಗಿ ಒದ್ದರೆ ಅದು ಮೊದಲು ಉರುಳುವುದಿಲ್ಲ, ಜಾರುತ್ತದೆ. ನೆಲದ ಘರ್ಷಣೆ ಮುಂದಿನ ವೇಗವನ್ನು ತಿಂದು ಸುತ್ತು ಕೊಡುತ್ತದೆ. ಪೂರ್ತಿ ಉರುಳತೊಡಗುವಷ್ಟರಲ್ಲಿ ಟೊಳ್ಳು ಗೋಳ ಐದರಲ್ಲಿ ಎರಡು ಪಾಲು ವೇಗ ಕಳೆದುಕೊಂಡಿರುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಪಾಸ್ 6ಕ್ಕೆ ಇಳಿಯುತ್ತದೆ. ಘರ್ಷಣಾಂಕ (ನೆಲ ಎಷ್ಟು ಹಿಡಿಯುತ್ತದೆ ಎಂಬ ಅಳತೆ) 0.5 ಇರುವ ಒಣ ನೆಲದಲ್ಲಿ ಇದು ಆರೂವರೆ ಮೀಟರ್ ಒಳಗೆ ಮುಗಿಯುತ್ತದೆ. ಒದ್ದೆ ಹುಲ್ಲಿನಲ್ಲಿ ಘರ್ಷಣಾಂಕ 0.25ಕ್ಕೆ ಇಳಿದರೆ ಚೆಂಡು 13 ಮೀಟರ್‌ವರೆಗೆ ಜಾರುತ್ತಲೇ ಬರುತ್ತದೆ. ಮಳೆಯ ದಿನ ಪಾಸ್ ‘ಓಡಿ ಬಂತು’ ಎನ್ನುವುದು ಇದನ್ನೇ. ಒಣ ದಿನದ ಅಂದಾಜಿನಲ್ಲಿ ಕಾಲಿಟ್ಟವರ ಅಡಿಯಲ್ಲೇ ಅದು ದಾಟಿಹೋಗುತ್ತದೆ.

ಒಣ ನೆಲದಲ್ಲಿ ಈ ನಷ್ಟ ಕಡಿಮೆ ಮಾಡಲು ದಾರಿ ಇದೆ. ಬಲದ ರೇಖೆ ನಡುಮಟ್ಟಕ್ಕಿಂತ 2 ಸೆಂ.ಮೀ. ಮೇಲೆ ಹಾಯುವಂತೆ ಒದ್ದರೆ ಚೆಂಡು ಸ್ವಲ್ಪ ಮುಂಸುತ್ತಿನೊಂದಿಗೇ ಹೊರಡುತ್ತದೆ, 6ರ ಬದಲು ಸುಮಾರು 7 ಮೀಟರ್ ವೇಗ ಉಳಿಯುತ್ತದೆ. ನಿಂತ ಕಾಲನ್ನು ಚೆಂಡಿನ ಪಕ್ಕಕ್ಕೆ ತಂದು, ಮೊಣಕಾಲನ್ನು ಚೆಂಡಿನ ಮೇಲೆ ಬಾಗಿಸಿ, ಒದೆಯುವ ಪಾದವನ್ನು ನೆಲದಿಂದ ತುಸು ಮೇಲೆತ್ತಿ ಮುಂದಕ್ಕೆ ಸಾಗಿಸಿದರೆ ಆ 2 ಸೆಂ.ಮೀ. ಸಿಗುತ್ತದೆ. ಪಾದ ನೆಲ ಸವರಿ ಚೆಂಡಿನ ಅಡಿಗೆ ಹೋದರೆ ಸುತ್ತು ಹಿಮ್ಮುಖವಾಗಿ, ಐದರಲ್ಲಿ ಎರಡಕ್ಕಿಂತಲೂ ಹೆಚ್ಚು ಪಾಲು ನೆಲಕ್ಕೇ ಹೋಗುತ್ತದೆ.